ಮೂರ್ಛೆರೋಗ: ಮಾತ್ರೆಯ ಜೊತೆಗೆ ದಿನಚರಿಯನ್ನೂ ಬರೆದುಕೊಡಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ನವೆಂಬರ್ 17ರಂದು ರಾಷ್ಟ್ರೀಯ ಅಪಸ್ಮಾರ (ಮೂರ್ಛೆರೋಗ) ದಿನದ ಅಂಗವಾಗಿ ಪತ್ರಿಕೆಗಳಲ್ಲಿ ಒಂದೆರಡು ವರದಿಗಳು ಬರುತ್ತವೆ. ಮೂರ್ಛೆರೋಗ ದೆವ್ವದ ಕಾಟವಲ್ಲ, ಅದು ಮೆದುಳಿಗೆ ಸಂಬಂಧಿಸಿದ ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ ಎಂದು ಹೇಳುವಲ್ಲಿಗೆ ಆ ವರದಿಗಳು ನಿಂತುಬಿಡುತ್ತವೆ. ಅಷ್ಟನ್ನು ಹೇಳುವ ಅಗತ್ಯ ಇಂದಿಗೂ ಇದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಮಾತನ್ನು ನಂಬಿ ಆಸ್ಪತ್ರೆಗೆ ಹೋಗಿ, ಮಾತ್ರೆ ಬರೆಸಿಕೊಂಡು ಮನೆಗೆ ಬಂದವರು ಮಾರನೆಯ ದಿನದಿಂದ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅವರಿಗೆ ಕೂತು ಹೇಳುವವರು ಬಹಳ ಕಡಿಮೆ. ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದ ನಾನು, ಮಾತ್ರೆ ಸಿಕ್ಕಿಯೂ ಮೂರ್ಛೆ ಹತೋಟಿಗೆ ಬಾರದ ಮನೆಗಳನ್ನು ಹತ್ತಿರದಿಂದ ಕಂಡಿದ್ದೇನೆ. ಅಂಥ ಹೆಚ್ಚಿನ ಕಡೆ ವೈದ್ಯರು ಕೊಟ್ಟ ಔಷಧ ಸರಿಯಾಗಿಯೇ ಇತ್ತು. ಅದರ ಜೊತೆಗೆ ಇರಬೇಕಾದ ದಿನನಿತ್ಯದ ಎಚ್ಚರ ಏನೆಂಬುದು ಮನೆಯವರಿಗೆ ತಿಳಿದಿರಲಿಲ್ಲ. ಆ ಎಚ್ಚರವನ್ನು ಚಿಕಿತ್ಸೆಯ ಭಾಗವೆಂದೇ ತಿಳಿದು ಕಲಿಸಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆಯಿದೆ ಎಂದೂ, ಸರಿಯಾಗಿ ಪತ್ತೆ ಮಾಡಿ ಚಿಕಿತ್ಸೆ ಕೊಟ್ಟರೆ ಅವರಲ್ಲಿ ಶೇ 70ರಷ್ಟು ಮಂದಿ ಮೂರ್ಛೆಯಿಲ್ಲದೆ ಬದುಕಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ರಾಜ್ಯದ ಮಟ್ಟಿಗೆ ಲೆಕ್ಕವೇ ಇಲ್ಲವೆಂದು ಹೇಳುವಂತಿಲ್ಲ. ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದ ನಿಮ್ಹಾನ್ಸ್ ತಜ್ಞರ ಸಮೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಗರದಲ್ಲಿ ಸಾವಿರಕ್ಕೆ 5.7 ಮಂದಿಗೆ ಮೂರ್ಛೆರೋಗವಿದ್ದರೆ, ಹಳ್ಳಿಗಳಲ್ಲಿ ಸಾವಿರಕ್ಕೆ 11.9 ಮಂದಿಗೆ ಇತ್ತು. ಅದಕ್ಕೂ ಮುಂಚೆ, 1998ರಲ್ಲಿ ಪ್ರಕಟವಾದ ನಮ್ಮದೇ ಜಿಲ್ಲೆಯ ಯಳಂದೂರಿನ ಅಧ್ಯಯನದಲ್ಲಿ ಈ ಪ್ರಮಾಣ ಸಾವಿರಕ್ಕೆ 4.63 ಎಂದು ಕಂಡುಬಂದಿತ್ತು. ಯಾವ ಲೆಕ್ಕವನ್ನು ಹಿಡಿದರೂ ಎರಡು ಲಕ್ಷ ಜನರಿರುವ ಒಂದು ತಾಲ್ಲೂಕಿನಲ್ಲಿ ಒಂಬೈನೂರರಿಂದ ಎರಡು ಸಾವಿರಕ್ಕೂ ಮೀರಿದ ರೋಗಿಗಳಿರುತ್ತಾರೆ. ಇಷ್ಟು ಜನರಿಗೆ ನರರೋಗ ತಜ್ಞರು ತಾಲ್ಲೂಕಿನಲ್ಲೇ ಸಿಗುವ ಕಾಲ ಸದ್ಯಕ್ಕೆ ಬರಲಾರದು. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ವೈದ್ಯರ ಮುಂದೆ ಕೆಲವು ನಿಮಿಷ ಕೂರುವ ರೋಗಿ, ಉಳಿದ ದಿನಗಳೆಲ್ಲ ತನ್ನನ್ನು ತಾನೇ ನೋಡಿಕೊಳ್ಳಬೇಕಾಗುತ್ತದೆ. ಮನೆಯವರಿಗೂ ರೋಗಿಗೂ ತಿಳಿವಳಿಕೆ ಕೊಡದೆ ಬೇರೆ ದಾರಿಯಿಲ್ಲ ಎನ್ನುವುದು ಅದಕ್ಕಾಗಿ.

ಮೊದಲ ವಿಷಯ ಮಾತ್ರೆಯದೇ. ಫೆನೊಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಜೆಪಿನ್, ವಾಲ್ಪ್ರೋಯೇಟ್, ಲೆವೆಟಿರಾಸಿಟಾಮ್ ಮುಂತಾದ ಔಷಧಗಳು ಮೂರ್ಛೆ ಬಂದಾಗ ನುಂಗುವ ಮಾತ್ರೆಗಳಲ್ಲ. ರಕ್ತದಲ್ಲಿ ಅವುಗಳ ಪ್ರಮಾಣ ಹಗಲೂ ರಾತ್ರಿ ಒಂದು ಮಟ್ಟದಲ್ಲಿ ಉಳಿದರೆ ಮಾತ್ರ ಮೆದುಳಿನ ನರಕೋಶಗಳ ಅತಿಯಾದ ವಿದ್ಯುತ್ ಚಟುವಟಿಕೆ ಅಂಕೆಯಲ್ಲಿರುತ್ತದೆ. ಹತೋಟಿಯಲ್ಲಿದ್ದ ಮೂರ್ಛೆ ಮರಳಿ ಬರಲು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಮಾತ್ರೆ ತಪ್ಪುವುದು. ತಪ್ಪಲು ಕಾರಣಗಳು ಮಾತ್ರ ನೂರೆಂಟು. ಆರು ತಿಂಗಳು ಮೂರ್ಛೆ ಬರಲಿಲ್ಲವೆಂದು ಕಾಯಿಲೆ ವಾಸಿಯಾಯಿತೆಂದುಕೊಂಡು ಬಿಟ್ಟವರಿದ್ದಾರೆ. ಬಸ್ಸಿನ ಖರ್ಚಿಗೆ ಹಣವಿಲ್ಲದೆ ಮುಂದಿನ ತಿಂಗಳು ತಂದರಾಯಿತು ಎಂದು ತಳ್ಳಿದವರಿದ್ದಾರೆ. ಚೀಟಿಯಲ್ಲಿ ‘ಊಟದ ನಂತರ’ ಎಂದು ಬರೆದಿರುವುದರಿಂದ, ಶನಿವಾರದ ಒಪ್ಪತ್ತಿನಲ್ಲೋ ಏಕಾದಶಿಯ ಉಪವಾಸದಲ್ಲೋ ಊಟವಿಲ್ಲದ ಮೇಲೆ ಮಾತ್ರೆಯೂ ಬೇಡವೆಂದು ತಿಳಿದ ಹಿರಿಯರನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಅವರು ತಮ್ಮ ತಿಳಿವಳಿಕೆಗೆ ತಕ್ಕಂತೆ ವೈದ್ಯರ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದವರೇ. ಉಪವಾಸವಿದ್ದರೂ ಮಾತ್ರೆ ಬಿಡಬಾರದು ಎಂಬ ಒಂದು ವಾಕ್ಯವನ್ನು ಚೀಟಿಯ ಕೆಳಗೆ ಕನ್ನಡದಲ್ಲಿ ಅಚ್ಚು ಹಾಕಿಸಿದ್ದರೆ ಸಾಕಿತ್ತು. ರಂಜಾನ್ ಉಪವಾಸ ಹಿಡಿಯುವವರು ಒಂದು ತಿಂಗಳು ಮೊದಲೇ ವೈದ್ಯರನ್ನು ಕಂಡು, ಸಹರಿ ಮತ್ತು ಇಫ್ತಾರ್ ಹೊತ್ತಿಗೆ ಹೊಂದುವಂತೆ ಮಾತ್ರೆಯ ಸಮಯವನ್ನು ಬದಲಿಸಬಹುದೇ, ಉಪವಾಸ ತಮಗೆ ತಕ್ಕುದೇ ಎಂದು ಕೇಳಿಕೊಳ್ಳಬೇಕು; ತಾವಾಗಿಯೇ ಬದಲಿಸಬಾರದು.

ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸುವುದು ಮರೆತು ಒಂದು ಹೊತ್ತು ತಪ್ಪುವುದಕ್ಕಿಂತ ಅಪಾಯಕರ. ಒಂದರ ಹಿಂದೆ ಒಂದು ಮೂರ್ಛೆ ಬಂದು, ನಡುವೆ ಪ್ರಜ್ಞೆಯೇ ಮರಳದ ಸ್ಥಿತಿಗೆ ಹೋಗಿ ಪ್ರಾಣಕ್ಕೆ ಎರವಾಗುವ ಸಾಧ್ಯತೆಯಿದೆ. ಸಾಮಾನ್ಯವಾಗಿ ಎರಡು ವರ್ಷವಾದರೂ ಮೂರ್ಛೆಯಿಲ್ಲದೆ ಕಳೆದ ಮೇಲಷ್ಟೇ ಔಷಧ ಕಡಿಮೆ ಮಾಡುವ ಮಾತನ್ನು ವೈದ್ಯರು ಯೋಚಿಸುತ್ತಾರೆ. ಅದನ್ನೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ, ಮತ್ತು ಎಲ್ಲರಿಗೂ ಅದು ಸಾಧ್ಯವಾಗುವುದಿಲ್ಲ. ಒಂದು ಹೊತ್ತು ಮರೆತರೆ ಏನು ಮಾಡಬೇಕೆಂಬುದನ್ನು ಮರೆಯುವ ಮುಂಚೆಯೇ ಕೇಳಿಟ್ಟುಕೊಳ್ಳಬೇಕು. ನೆನಪಾದ ಕೂಡಲೇ ತೆಗೆದುಕೊಳ್ಳುವುದು, ಮುಂದಿನ ಮಾತ್ರೆಯ ಸಮಯ ತೀರಾ ಹತ್ತಿರವಾಗಿದ್ದರೆ ಎರಡನ್ನೂ ಒಟ್ಟಿಗೆ ನುಂಗದಿರುವುದು ಸಾಮಾನ್ಯವಾಗಿ ಹೇಳುವ ಕ್ರಮ. ಮನೆಯಲ್ಲಿ ಒಂದು ವಾರಕ್ಕಾಗುವಷ್ಟು ಮಾತ್ರೆ ಉಳಿದಿರುವಾಗಲೇ ಹೊಸದನ್ನು ತರಬೇಕು. ದಿನಕ್ಕೊಂದು ಖಾನೆಯಿರುವ ಡಬ್ಬಿ ಕೊಳ್ಳಲಾಗದಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿದರೂ ಆಯಿತು. ಔಷಧ ದುಬಾರಿಯೆಂಬ ಅಳಲಿಗೆ ಜನೌಷಧಿ ಕೇಂದ್ರಗಳು ಸ್ವಲ್ಪ ಉತ್ತರ ಕೊಟ್ಟಿವೆ. ಹಳೆಯ, ಅಗ್ಗದ ಔಷಧಗಳು ಕೀಳೆಂದು ಭಾವಿಸುವವರಿಗೆ ಯಳಂದೂರಿನದೇ ಮತ್ತೊಂದು ಅಧ್ಯಯನವನ್ನು ನೆನಪಿಸುತ್ತೇನೆ: ಫೆನೊಬಾರ್ಬಿಟೋನ್ ಮತ್ತು ಫೆನಿಟಾಯಿನ್ ಎಂಬ ಎರಡು ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ರೋಗಿಗಳ ಮೂರ್ಛೆಯನ್ನು ಹತೋಟಿಗೆ ತರಲು ಸಾಧ್ಯವೆಂದು ತೋರಿಸಿದ ಆ ವರದಿ 2001ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು.

ಎರಡನೆಯದು ನಿದ್ದೆ. ಇದನ್ನು ನಮ್ಮ ಜನ ಚಿಕಿತ್ಸೆಯೆಂದು ಎಣಿಸುವುದೇ ಇಲ್ಲ. ನಿದ್ದೆಗೆಟ್ಟ ಮೆದುಳಿನಲ್ಲಿ ಮೂರ್ಛೆ ಸುಲಭವಾಗಿ ಹುಟ್ಟುತ್ತದೆ. ನಮ್ಮ ಭಾಗದಲ್ಲಿ ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಸಾವಿರಾರು ಮಂದಿ. ಹಗಲೆಲ್ಲ ಬಿಸಿಲಿನಲ್ಲಿ ನಡೆದು, ರಾತ್ರಿ ಜಾಗರಣೆ ಮಾಡಿ, ಹೊತ್ತಿಗೆ ಸರಿಯಾಗಿ ಊಟವಿಲ್ಲದೆ, ಮಾತ್ರೆಯನ್ನು ಮನೆಯಲ್ಲೇ ಬಿಟ್ಟು ಹೊರಟವರಿಗೆ ದಾರಿಯಲ್ಲಿ ಮೂರ್ಛೆ ಬಂದರೆ, ‘ಹರಕೆ ಹೊತ್ತೂ ಹೀಗಾಯಿತಲ್ಲ’ ಎಂದು ಮನೆಯವರು ಕುಗ್ಗಿಹೋಗುತ್ತಾರೆ. ಹರಕೆ ಬೇಡವೆಂದು ಹೇಳುವ ಅಧಿಕಾರ ನನಗಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಆದರೆ ಮೂರ್ಛೆಯ ಕಾಯಿಲೆಯಿರುವವರು ಜಾಗರಣೆಯ ಬದಲು ಮುಂಜಾನೆ ಎದ್ದು ಪೂಜೆ ಮಾಡಬಹುದು, ನಡೆಯುವ ಬದಲು ಬಸ್ಸಿನಲ್ಲಿ ಹೋಗಿ ದರ್ಶನ ಪಡೆಯಬಹುದು. ಹಾಗೆ ಮಾಡಿದರೆ ದೇವರು ಮುನಿಯುವುದಿಲ್ಲ ಎಂದು ಮನೆಯ ಹಿರಿಯರೇ ಹೇಳಿದರೆ ಮಕ್ಕಳು ನಂಬುತ್ತಾರೆ. ರಾತ್ರಿ ಪಾಳಿಯ ಕೆಲಸ, ಪಿಯುಸಿ ಪರೀಕ್ಷೆಯ ಹಿಂದಿನ ದಿನಗಳ ರಾತ್ರಿ ಓದು, ಮದುವೆ ಮನೆಯ ಓಡಾಟ, ತಡರಾತ್ರಿಯವರೆಗೆ ಕೈಯಲ್ಲಿರುವ ಮೊಬೈಲು ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆಯನ್ನು ಇಲ್ಲಿ ಹೇಳಬೇಕು. ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲಿ ಕೈಗಳು ತಟ್ಟನೆ ಜಗ್ಗಿದಂತಾಗಿ ಕೈಯಲ್ಲಿರುವ ಲೋಟವೋ ಹಲ್ಲುಜ್ಜುವ ಬ್ರಷ್ಷೋ ಜಾರಿ ಬೀಳುತ್ತದೆ. ಹುಡುಗಿ ಅಜಾಗರೂಕಳೆಂದು ತಾಯಿ ಗದರುತ್ತಾಳೆ. ಒಂದು ದಿನ, ಹೆಚ್ಚಾಗಿ ನಿದ್ದೆಗೆಟ್ಟ ರಾತ್ರಿಯ ಮರುದಿನ ಬೆಳಗ್ಗೆ, ದೊಡ್ಡ ಮೂರ್ಛೆಯೇ ಬರುತ್ತದೆ. ಕಾರ್ಬಮಜೆಪಿನ್, ಫೆನಿಟಾಯಿನ್ ಈ ಬಗೆಯಲ್ಲಿ ಕೆಲವರಿಗೆ ಜಗ್ಗುವಿಕೆಯನ್ನು ಹೆಚ್ಚಿಸಬಲ್ಲವು. ಹಾಗಾಗಿ ಬೆಳಗಿನ ಈ ಜಗ್ಗುವಿಕೆಯ ವಿಷಯವನ್ನು, ಅದು ಎಷ್ಟೇ ಸಣ್ಣದೆನಿಸಿದರೂ, ವೈದ್ಯರಿಗೆ ಹೇಳಲೇಬೇಕು. ಅವರು ಕೊಡುವ ಮಾತ್ರೆಯೇ ಬೇರೆಯಾಗಬಹುದು.

ಬಿಸಿನೀರಿನ ಸ್ನಾನದಿಂದ ಬರುವ ಮೂರ್ಛೆಯ ಬಗ್ಗೆ ಕನ್ನಡದ ಓದುಗರಿಗೆ ವಿಶೇಷವಾಗಿ ತಿಳಿಸಬೇಕು, ಏಕೆಂದರೆ ಜಗತ್ತಿನ ಬೇರೆ ಕಡೆ ಅಪರೂಪವಾದ ಈ ಬಗೆ ದಕ್ಷಿಣ ಕರ್ನಾಟಕದಲ್ಲಿ ಅಷ್ಟು ಅಪರೂಪವಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು 1968ರಲ್ಲಿ ಇದರ ಬಗ್ಗೆ ತಮ್ಮ ಮೊದಲ ವರದಿಯನ್ನು ಬರೆದರು. 1974ರಲ್ಲಿ ಇಂಥ 108 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಆಮೇಲೆ ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತಿತರರು ಇದರ ಅಧ್ಯಯನವನ್ನು ಮುಂದುವರಿಸಿದರು. ನಮ್ಮಲ್ಲಿ ತಲೆಸ್ನಾನವೆಂದರೆ ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ಒಂದರ ಮೇಲೊಂದು ತಲೆಗೆ ಹುಯ್ದುಕೊಳ್ಳುವುದು. ಆ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಿರುತ್ತದೆ. ಮೈಗೆ ಮಾತ್ರ ನೀರು ಹಾಕಿಕೊಂಡಾಗ ಏನೂ ಆಗದವರಿಗೆ ತಲೆಗೆ ಹುಯ್ದುಕೊಂಡಾಗ ಕಣ್ಣು ಮಂಕಾಗಿ, ಕೇಳಿದ್ದಕ್ಕೆ ಉತ್ತರವಿಲ್ಲದಂತಾಗಿ, ಕೆಲವೊಮ್ಮೆ ಪೂರ್ತಿ ಮೂರ್ಛೆಯೇ ಬಂದುಬಿಡುತ್ತದೆ. ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಹೆಚ್ಚು ಕಾಣಿಸುತ್ತದೆ. ಕೆಲವರಿಗೆ ಆ ಕ್ಷಣ ಹಿತವೆನಿಸಿ, ತಡೆಯಲಾಗದೆ ಮತ್ತಷ್ಟು ಬಿಸಿನೀರನ್ನು ಹುಯ್ದುಕೊಳ್ಳುತ್ತಲೇ ಹೋಗುತ್ತಾರೆ. ಅದನ್ನು ಚಪಲವೆಂದು ಬೈಯಬಾರದು, ಅದೂ ಕಾಯಿಲೆಯ ಒಂದು ಮುಖ.

ಇಲ್ಲಿ ಸ್ವಂತ ಆರೈಕೆ ಔಷಧದಷ್ಟೇ ಕೆಲಸ ಮಾಡುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡುವುದು, ತಲೆಗೆ ಒಂದೇ ಸಮನೆ ಹುಯ್ಯದೆ ಒದ್ದೆ ಬಟ್ಟೆಯಿಂದ ಒರೆಸಿ ತೊಳೆದುಕೊಳ್ಳುವುದು, ತಲೆಸ್ನಾನವನ್ನು ಬೇರೆಯಾಗಿ ಚುಟುಕಾಗಿ ಮುಗಿಸುವುದು, ಬಚ್ಚಲುಮನೆಯ ಅಗುಳಿ ಹಾಕದಿರುವುದು, ಮನೆಯವರೊಬ್ಬರು ಕೂಗಳತೆಯಲ್ಲಿರುವುದು ಇಷ್ಟರಿಂದಲೇ ಎಷ್ಟೋ ಮಂದಿಗೆ ಸಾಕಾಗುತ್ತದೆ. ಸಾಲದವರಿಗೆ ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆ ತೆಗೆದುಕೊಳ್ಳುವ ಕ್ರಮವನ್ನು ವೈದ್ಯರು ಹೇಳಿಕೊಡುತ್ತಾರೆ. ಸ್ನಾನವಿಲ್ಲದ ವೇಳೆಯಲ್ಲೂ ಮೂರ್ಛೆ ಬರುತ್ತಿದ್ದರೆ ನಿತ್ಯದ ಮಾತ್ರೆ ಬೇಕಾಗುತ್ತದೆ. ದೀಪಾವಳಿಯ ಎಣ್ಣೆಸ್ನಾನದ ದಿನ ಇಂಥ ಮಕ್ಕಳಿರುವ ಮನೆಯಲ್ಲಿ ಹಂಡೆಯ ನೀರಿಗೆ ತಣ್ಣೀರು ಬೆರೆಸುವ ಕೆಲಸವನ್ನು ಅಜ್ಜಿಯೇ ವಹಿಸಿಕೊಳ್ಳಲಿ. ಬಾಣಂತಿಯರಿಗೂ ಹಸುಗೂಸುಗಳಿಗೂ ಸುಡುವ ನೀರನ್ನು ಎರೆಯುವ ವಾಡಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಬಾಣಂತಿಗೆ ಹಿಂದೆ ಮೂರ್ಛೆ ಬಂದಿದ್ದರೆ ಎರೆಯುವ ಹೆಂಗಸಿಗೆ ಆ ವಿಷಯ ತಿಳಿಸಿ, ನೀರಿನ ಬಿಸಿಯನ್ನು ಇಳಿಸಲೇಬೇಕು.

ಮನೆಯಲ್ಲಿ ಯಾರೂ ಅನುಮಾನಿಸದ ಮತ್ತೊಂದು ಕಾರಣ ನೋವಿನ ಮುಲಾಮು. ಕರ್ಪೂರ ಮತ್ತು ನೀಲಗಿರಿ ಎಣ್ಣೆಯಿರುವ ಮುಲಾಮುಗಳನ್ನು ಹಚ್ಚುವುದರಿಂದ, ಮೂಸುವುದರಿಂದ ಅಥವಾ ಬಾಯಿಗೆ ಹಾಕಿಕೊಳ್ಳುವುದರಿಂದ ಕೆಲವರಲ್ಲಿ ಮೂರ್ಛೆ ಕೆರಳುತ್ತದೆ ಎಂಬುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಈಚಿನ ವರ್ಷಗಳಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. ಮಗುವಿಗೆ ನೆಗಡಿಯಾದರೆ ಎದೆಗೂ ಮೂಗಿಗೂ ಮುಲಾಮು ತಿಕ್ಕುವ, ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ ಹಬೆ ಹಿಡಿಸುವ ಮನೆಗಳು ಇದನ್ನು ಗಮನಿಸಬೇಕು. ಆದರೆ ಟಿ.ವಿ. ಮತ್ತು ಮೊಬೈಲು ನೋಡಿದರೆ ಎಲ್ಲರಿಗೂ ಮೂರ್ಛೆ ಬರುತ್ತದೆಂಬ ಭಯ ಅಗತ್ಯಕ್ಕಿಂತ ಹೆಚ್ಚಾಗಿದೆ; ಮಿನುಗುವ ಬೆಳಕಿನಿಂದ ತೊಂದರೆಯಾಗುವವರು ಮೂರ್ಛೆರೋಗಿಗಳಲ್ಲಿ ನೂರಕ್ಕೆ ಮೂವರಷ್ಟೇ. ಮದ್ಯದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ, ಕುಡಿತವೂ ಕುಡಿತವನ್ನು ತಟ್ಟನೆ ಬಿಡುವುದೂ ಎರಡೂ ಮೂರ್ಛೆಯನ್ನು ತರುತ್ತವೆ.

ತನಗೆ ಯಾವುದರಿಂದ ಮೂರ್ಛೆ ಕೆರಳುತ್ತದೆ ಎಂಬುದು ರೋಗಿಗೆ ತಿಳಿಯುವುದು ಬರೆದಿಟ್ಟುಕೊಂಡಾಗ. ಬಂದ ದಿನ, ಹೊತ್ತು, ಎಷ್ಟು ನಿಮಿಷ ಇತ್ತು, ಹಿಂದಿನ ರಾತ್ರಿಯ ನಿದ್ದೆ, ತಪ್ಪಿದ ಮಾತ್ರೆ, ಜ್ವರ, ಹೆಂಗಸರಾದರೆ ಮುಟ್ಟಿನ ದಿನಗಳು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದರೆ ಕೆಲವು ತಿಂಗಳಲ್ಲಿ ಅದರ ಜಾಡು ಸಿಗುತ್ತದೆ. ವೈದ್ಯರು ರೋಗಿಯ ಮೂರ್ಛೆಯನ್ನು ಕಣ್ಣಾರೆ ಕಾಣುವುದೇ ಅಪರೂಪ, ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲೂ ಹಲವರಿಗೆ ಯಾವ ದೋಷವೂ ಕಾಣುವುದಿಲ್ಲ. ಆದ್ದರಿಂದ ಮನೆಯವರು ಮೊಬೈಲಿನಲ್ಲಿ ಹಿಡಿದ ಒಂದು ನಿಮಿಷದ ವಿಡಿಯೊ ಎಷ್ಟೋ ಸಲ ರೋಗದ ಬಗೆಯನ್ನು ಗುರುತಿಸಲು ನೆರವಾಗುತ್ತದೆ. ಎಲ್ಲ ಮೂರ್ಛೆಯಲ್ಲೂ ಬಿದ್ದು ಒದ್ದಾಡುವುದಿಲ್ಲ. ಪಾಠ ಕೇಳುತ್ತಿದ್ದ ಮಗು ಕೆಲವು ಸೆಕೆಂಡು ಶೂನ್ಯವನ್ನು ನೋಡುತ್ತಾ ನಿಂತುಬಿಡುವುದು, ದೊಡ್ಡವರು ತುಟಿ ಚಪ್ಪರಿಸುತ್ತಾ ಅಂಗಿಯ ಗುಂಡಿಯನ್ನು ತಡಕಾಡುತ್ತಾ ಕೇಳಿದ್ದಕ್ಕೆ ಉತ್ತರಿಸದಿರುವುದು ಕೂಡ ಮೂರ್ಛೆಯೇ ಆಗಿರಬಹುದು. ಗಮನವಿಲ್ಲದ ಮಗುವೆಂದು ಬೆಂಚಿನ ಮೇಲೆ ನಿಲ್ಲಿಸುವ ಮುಂಚೆ ಶಿಕ್ಷಕರು ಇದನ್ನು ನೆನೆಯಬೇಕು. ಮಾತ್ರೆ ಶುರುವಾದ ಮೇಲೆ ಬರುವ ಬದಲಾವಣೆಗಳನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು: ಮೈಮೇಲೆ ದದ್ದು ಎದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು, ಲೆವೆಟಿರಾಸಿಟಾಮ್ ಶುರುವಾದ ಮೇಲೆ ಸಿಡುಕು, ಬೇಸರ ಹೆಚ್ಚಿದರೆ ಅದನ್ನು ಸ್ವಭಾವವೆಂದು ಸುಮ್ಮನಿರದೆ ತಿಳಿಸಬೇಕು, ಫೆನಿಟಾಯಿನ್ ತೆಗೆದುಕೊಳ್ಳುವವರು ಒಸಡು ಊದದಂತೆ ಬಾಯಿಯ ಸ್ವಚ್ಛತೆಗೆ ಹೆಚ್ಚು ಗಮನ ಕೊಡಬೇಕು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ನನಗೆ ಸಮಾಧಾನದಿಂದ ಬರೆಯುವುದು ಕಷ್ಟವಾಗುತ್ತದೆ. ಮದುವೆ ನಿಲ್ಲುತ್ತದೆಂಬ ಹೆದರಿಕೆಯಿಂದ ತವರಿನವರು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಗಂಡನ ಮನೆಯಲ್ಲಿ ಮಾತ್ರೆಯ ಪಟ್ಟಿಯನ್ನು ಅಕ್ಕಿ ಡಬ್ಬದಲ್ಲೋ ಸೀರೆಯ ಮಡಿಕೆಯಲ್ಲೋ ಬಚ್ಚಿಟ್ಟುಕೊಂಡು, ಯಾರೂ ನೋಡದಾಗ ನುಂಗುತ್ತಾ, ನೋಡುವವರಿದ್ದ ದಿನ ಬಿಡುತ್ತಾ ಬದುಕುವ ಹುಡುಗಿಗೆ ಮೂರ್ಛೆ ಬಾರದೆ ಇನ್ನೇನಾದೀತು? ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಲ್ಲಿ ಮದುವೆಗೆ ಅಡ್ಡಿಯಾದ ಕಾರಣಗಳ ಪಟ್ಟಿಯಿಂದ ಮೂರ್ಛೆರೋಗವನ್ನು 1999ರ ತಿದ್ದುಪಡಿ ತೆಗೆದುಹಾಕಿದೆ. ಈ ಸಂಗತಿ ಇಂದಿಗೂ ಬಹಳ ಮನೆಗಳಿಗೆ ತಿಳಿದಿಲ್ಲ. ಮದುವೆಗೆ ಮುಂಚೆಯೇ ಹೇಳಿ, ಎರಡೂ ಮನೆಯವರು ಒಟ್ಟಿಗೆ ಒಮ್ಮೆ ವೈದ್ಯರನ್ನು ಕಂಡು ಬರುವುದು ಹುಡುಗಿಯ ಪ್ರಾಣದ ದೃಷ್ಟಿಯಿಂದಲೂ ಒಳ್ಳೆಯದು. ಮಗು ಬೇಕೆಂದುಕೊಂಡಾಗ ಗರ್ಭ ನಿಲ್ಲುವ ಮುಂಚೆಯೇ ವೈದ್ಯರನ್ನು ಕಾಣಬೇಕು. ವಾಲ್ಪ್ರೋಯೇಟ್ ತೆಗೆದುಕೊಳ್ಳುತ್ತಿರುವ ತಾಯಂದಿರ ಮಕ್ಕಳಲ್ಲಿ ಹತ್ತರಲ್ಲಿ ಒಂದು ಮಗುವಿಗೆ ಹುಟ್ಟಿನಿಂದ ಬರುವ ಅಂಗದೋಷ, ನೂರರಲ್ಲಿ 30ರಿಂದ 40 ಮಕ್ಕಳಿಗೆ ಬೆಳವಣಿಗೆ ಮತ್ತು ಕಲಿಕೆಯ ತೊಂದರೆ ಕಾಣುತ್ತದೆ. ಇದನ್ನು ಓದಿ ಗಾಬರಿಯಾಗಿ ಯಾರೂ ಮಾತ್ರೆ ನಿಲ್ಲಿಸಬಾರದು. ಗರ್ಭದಲ್ಲಿ ಮಗುವಿರುವಾಗ ದೊಡ್ಡ ಮೂರ್ಛೆ ಬಂದರೆ ತಾಯಿ ಮಗು ಇಬ್ಬರಿಗೂ ಅಪಾಯ. ಮುಂಚಿತವಾಗಿ ಹೋದರೆ ವೈದ್ಯರು ಔಷಧ ಬದಲಿಸುವ ಬಗ್ಗೆ ಯೋಚಿಸಿ, ಫೋಲಿಕ್ ಆಮ್ಲದ ಮಾತ್ರೆಯನ್ನು ಶುರುಮಾಡುತ್ತಾರೆ. ಕೆಲವು ಮೂರ್ಛೆ ಮಾತ್ರೆಗಳು ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನು ಕುಗ್ಗಿಸುತ್ತವೆ ಎಂಬುದನ್ನೂ ಕೇಳಿ ತಿಳಿಯಬೇಕು. ಮೂರ್ಛೆರೋಗವಿರುವ ಬಹುಪಾಲು ಹೆಂಗಸರು ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ, ಸಾಮಾನ್ಯವಾಗಿ ಎದೆಹಾಲನ್ನೂ ಕೊಡಬಹುದು.

ಬೆಂಕಿ, ನೀರು, ಎತ್ತರ ಇವು ಮೂರೂ ಹಳ್ಳಿಯ ಬದುಕಿನಲ್ಲಿ ತಪ್ಪುವಂಥವಲ್ಲ. ಹತೋಟಿ ಬರುವವರೆಗೆ ಬಾವಿಯ ಕಟ್ಟೆ, ಕೆರೆಯ ಈಜು, ತೆಂಗಿನ ಮರ, ಟ್ರ್ಯಾಕ್ಟರು ಇವುಗಳಿಂದ ದೂರವಿರಬೇಕು. ಒಲೆಯ ಮುಂದೆ ಒಬ್ಬರೇ ಕೂರಬಾರದು. ಎತ್ತರದ ಮಂಚದ ಬದಲು ನೆಲಕ್ಕೆ ಹತ್ತಿರವಾದ ಹಾಸಿಗೆ ಒಳ್ಳೆಯದು. ಚಾಲನಾ ಪರವಾನಗಿಯ ಅರ್ಜಿಯಲ್ಲಿ ಮೂರ್ಛೆಯ ಬಗ್ಗೆ ಕೇಳುವ ಪ್ರಶ್ನೆಗೆ ಸುಳ್ಳು ಬರೆಯಬಾರದು, ರಸ್ತೆಯಲ್ಲಿರುವ ಇತರರ ಪ್ರಾಣದ ಪ್ರಶ್ನೆಯದು. ಆದರೆ ಈ ಎಚ್ಚರವನ್ನೇ ನೆಪಮಾಡಿ ಮಕ್ಕಳನ್ನು ಶಾಲೆ ಬಿಡಿಸುವುದು, ಆಟ ನಿಲ್ಲಿಸುವುದು, ದೊಡ್ಡವರನ್ನು ಕೆಲಸದಿಂದ ತೆಗೆಯುವುದು ತಪ್ಪು.

ಎದುರಿಗೆ ಯಾರಿಗಾದರೂ ಮೂರ್ಛೆ ಬಂದರೆ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಕೈಕಾಲು ಅದುಮಿ ಹಿಡಿಯುವುದು ಯಾವುದೂ ಪ್ರಯೋಜನವಿಲ್ಲ, ಕೆಲವು ಅಪಾಯಕರ. ಸುತ್ತಲಿನ ಚೂಪಾದ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಬಟ್ಟೆ ಇಟ್ಟು, ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಬೇಕು. ಪೂರ್ತಿ ಎಚ್ಚರವಾಗುವವರೆಗೆ ನೀರು ಕುಡಿಸಬಾರದು. ಐದು ನಿಮಿಷ ಮೀರಿದರೆ, ಎಚ್ಚರವಾಗದೆ ಮತ್ತೊಮ್ಮೆ ಬಂದರೆ, ಗರ್ಭಿಣಿಯಾಗಿದ್ದರೆ ಅಥವಾ ಪೆಟ್ಟಾಗಿದ್ದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಪದೇ ಪದೇ ದೀರ್ಘ ಮೂರ್ಛೆ ಬರುವವರಿಗೆ ಮೂಗಿಗೆ ಸಿಂಪಡಿಸುವ ಮಿಡಜೊಲಾಮ್ ಸ್ಪ್ರೇಯನ್ನು ವೈದ್ಯರು ಬರೆದುಕೊಡುವುದುಂಟು. ಅದನ್ನು ಬಳಸುವ ಕ್ರಮವನ್ನು ಮನೆಯವರೆಲ್ಲ ಕಲಿತಿರಬೇಕು.

ಯೋಗ, ಪ್ರಾಣಾಯಾಮ, ಧ್ಯಾನಗಳ ಬಗ್ಗೆ ಹಲವರು ಕೇಳುತ್ತಾರೆ. ಮನಸ್ಸಿನ ಒತ್ತಡ ಕೆಲವರಲ್ಲಿ ಮೂರ್ಛೆಯನ್ನು ಕೆರಳಿಸುವುದರಿಂದ ಇವು ನೆರವಾಗಬಹುದು, ನಿದ್ದೆಗೂ ಒಳ್ಳೆಯದು. ಆದರೆ ವೇಗವಾಗಿ ಉಸಿರಾಡುವ ಅಭ್ಯಾಸಗಳು ಕೆಲವು ಬಗೆಯ ಮೂರ್ಛೆಯನ್ನು ತರಬಲ್ಲವಾದ್ದರಿಂದ ಕೇಳಿ ಮಾಡಬೇಕು. ಇವುಗಳಿಂದ ಮಾತ್ರೆ ಬಿಡಬಹುದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಕೊಬ್ಬು ಹೆಚ್ಚಾಗಿ, ಅನ್ನ-ಸಕ್ಕರೆಯಂಥ ಪಿಷ್ಟ ತೀರಾ ಕಡಿಮೆಯಿರುವ ಕೀಟೋಜೆನಿಕ್ ಆಹಾರಕ್ರಮವೂ ಔಷಧಕ್ಕೆ ಬಗ್ಗದ ಮೂರ್ಛೆಯಿರುವ ಮಕ್ಕಳಿಗೆ ವೈದ್ಯರ ಮತ್ತು ಆಹಾರತಜ್ಞರ ನಿಗಾದಲ್ಲಿ ಕೊಡುವ ಚಿಕಿತ್ಸೆ, ವಿಡಿಯೊ ನೋಡಿ ಮನೆಯಲ್ಲಿ ಮಾಡುವಂಥದ್ದಲ್ಲ. ಸರಿಯಾಗಿ ಆರಿಸಿದ ಎರಡು ಔಷಧಗಳಿಂದಲೂ ಹತೋಟಿ ಬಾರದವರು ಮನೆಮದ್ದು ಹುಡುಕುತ್ತಾ ವರ್ಷ ಕಳೆಯದೆ, ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ನಿಮ್ಹಾನ್ಸ್‌ನಂಥ ಕಡೆ ಪರೀಕ್ಷಿಸಿಕೊಳ್ಳಬೇಕು. ಮೂರ್ಛೆ ಬಾರದಂತೆ ತಡೆಯುವ ಒಂದು ಕೆಲಸ ಮಾತ್ರ ಪ್ರತಿ ಮನೆಯ ಕೈಯಲ್ಲಿದೆ. ಹಂದಿಯ ಲಾಡಿಹುಳುವಿನ ಮೊಟ್ಟೆಗಳು ಮಲದಿಂದ ಕಲುಷಿತವಾದ ನೀರು ಮತ್ತು ಹಸಿ ತರಕಾರಿಯ ಮೂಲಕ ಹೊಟ್ಟೆಗೆ ಹೋಗಿ, ಮರಿಹುಳು ಮೆದುಳಿನಲ್ಲಿ ಗಂಟುಕಟ್ಟುವುದು ನಮ್ಮ ದೇಶದಲ್ಲಿ ಮೂರ್ಛೆಗೆ ಒಂದು ಮುಖ್ಯ ಕಾರಣ. ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಶೌಚದ ನಂತರ ಸೋಪಿನಿಂದ ಕೈ ತೊಳೆಯುವುದು, ಕ್ಯಾರೆಟ್, ಸೌತೆ, ಕೊತ್ತಂಬರಿಯನ್ನು ಚೆನ್ನಾಗಿ ತೊಳೆದು ಬಳಸುವುದು ಇದಕ್ಕೆ ತಡೆ.

ಈಗ ನನ್ನ ಕೋರಿಕೆಗಳು. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮದಲ್ಲಿ ಮೂರ್ಛೆರೋಗವೂ ಸೇರಿರುವುದು ಸಂತೋಷದ ವಿಷಯ. ಅದೇ ವರ್ಷ ವಿಶ್ವ ಆರೋಗ್ಯ ಸಭೆ ಒಪ್ಪಿದ ಯೋಜನೆ 2031ರ ಹೊತ್ತಿಗೆ ಮೂರು ಗುರಿಗಳನ್ನು ಇಟ್ಟಿದೆ: ಈ ಕಾಯಿಲೆಯಿರುವವರಲ್ಲಿ ಶೇ 90 ಮಂದಿಗೆ ಇದು ಚಿಕಿತ್ಸೆಯಿರುವ ಮೆದುಳಿನ ಕಾಯಿಲೆಯೆಂಬ ಅರಿವು, ಶೇ 80 ಮಂದಿಗೆ ಔಷಧ, ಚಿಕಿತ್ಸೆ ಪಡೆದವರಲ್ಲಿ ಶೇ 70 ಮಂದಿಗೆ ಹತೋಟಿ. ಕೊನೆಯ ಗುರಿ ಔಷಧ ಸರಬರಾಜಿನಿಂದಷ್ಟೇ ಮುಟ್ಟುವಂಥದ್ದಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಿ ಪಡೆದ ಒಬ್ಬ ಶುಶ್ರೂಷಕಿಯನ್ನು ವಾರಕ್ಕೊಂದು ದಿನವಾದರೂ ಈ ಕೆಲಸಕ್ಕೆಂದೇ ಕೂರಿಸಬೇಕು. ಹೊಸದಾಗಿ ಮಾತ್ರೆ ಶುರುಮಾಡಿದ ಪ್ರತಿಯೊಬ್ಬರ ಜೊತೆ, ಅವರ ಮನೆಯವರನ್ನೂ ಕೂರಿಸಿಕೊಂಡು, ನಿದ್ದೆ, ಸ್ನಾನ, ಉಪವಾಸ, ಒಲೆ, ಮದುವೆ, ಬಸಿರು ಎಲ್ಲವನ್ನೂ ಮಾತನಾಡಬೇಕು. ಕ್ಷಯರೋಗಿಗಳ ಮನೆಗೆ ಹೋಗಿ ಮಾತ್ರೆ ನುಂಗಿದರೇ ಎಂದು ವಿಚಾರಿಸುವ ಆಶಾ ಕಾರ್ಯಕರ್ತೆಯರಿಗೆ ಮೂರ್ಛೆಯ ಮನೆಗಳ ಪಟ್ಟಿಯನ್ನೂ ಕೊಟ್ಟು, ಆ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನವನ್ನೂ ಕೊಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಮಾತ್ರೆಗಳು ಒಂದು ವಾರ ಇಲ್ಲದಂತಾದರೂ ಅದನ್ನು ತುರ್ತು ಕೊರತೆಯೆಂದು ಪರಿಗಣಿಸಬೇಕು.

ನಿಮ್ಮ ಬಳಿಯೂ ಒಂದು ಕೋರಿಕೆಯಿದೆ. ಮೂರ್ಛೆರೋಗವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆ ಕಾಯ್ದೆಯ ಅನುಸೂಚಿಯಲ್ಲಿ ಈ ಕಾಯಿಲೆಯ ಹೆಸರಿದೆ. ಆದರೂ ಕನ್ನಡ ಪತ್ರಿಕೆಗಳ ಒಳಪುಟಗಳ ವರ್ಗೀಕೃತ ಜಾಹೀರಾತುಗಳಲ್ಲಿ ‘ಫಿಟ್ಸ್‌ಗೆ ಶಾಶ್ವತ ಪರಿಹಾರ’ ಎಂಬ ಸಾಲುಗಳು ಇಂದಿಗೂ ಅಚ್ಚಾಗುತ್ತವೆ. ಅವುಗಳನ್ನು ನೋಡಿ ಮಾತ್ರೆ ನಿಲ್ಲಿಸಿ ಪುಡಿ ತರಲು ಊರೂರು ಅಲೆದವರು, ಆಸ್ಪತ್ರೆಗೆ ಮರಳುವ ಹೊತ್ತಿಗೆ ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿರುತ್ತಾರೆ. ನಿಮ್ಮ ಜಾಹೀರಾತು ವಿಭಾಗ ಇಂಥವನ್ನು ಸ್ವೀಕರಿಸದಿರಲಿ ಎಂದೂ, ಮುಂದಿನ ನವೆಂಬರ್ 17ರಂದು ಅದೇ ಜಾಗದಲ್ಲಿ ಮೂರ್ಛೆ ಬಂದಾಗ ಮಾಡಬೇಕಾದ ಪ್ರಥಮ ಚಿಕಿತ್ಸೆಯನ್ನು, ಮಾತ್ರೆ ಮರೆತರೆ ಏನು ಮಾಡಬೇಕೆಂಬುದನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿ, ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವಂತೆ ಕೊಡಬೇಕೆಂದೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ,
ಚಾಮರಾಜನಗರ ಜಿಲ್ಲೆ